ಬೆಳ್ಳಿಯಪ್ಪನ ಗುಟ್ಟಿನ ಮಡು

ಮೀನು ಹಿಡಿಯುವವರ ಬಾಯಿಂದ ಬಂದದ್ದಾದರೂ ಇದು ನಿಜ ಕಥೆ. ಬೆಳ್ಳಿಯಪ್ಪ ಹೊಳೆಯಲ್ಲಿ ತೋಳುದ್ದದ ಮೀನು ಎತ್ತಿ ನಿಂತ ಫೋಟೊ ತನ್ನ ಅಂಗಡಿಯಲ್ಲಿ ತೂಗುಹಾಕಿದಂದಿನಿಂದ ಉತ್ತಯ್ಯನ ಹೊಟ್ಟೆ ಉರಿಯುತ್ತಿತ್ತು. ಅದರಲ್ಲಿದ್ದ ಬಾಗಿದ ಮರ, ಜೋಡಿ ಬಂಡೆ ಹುಡುಕುತ್ತ, ಗರಿಯಿಂದ ಮಾಡಿದ ಹುಸಿ ಹುಳ ಕಟ್ಟಿದ ಗಾಳ ಹೊತ್ತು ಮೂರು ವರ್ಷ ಕಾವೇರಿಯುದ್ದಕ್ಕೂ ಅಲೆದಿದ್ದ.

“ಜಾಗ ಎಲ್ಲಿ ಅಂತ ಬಾಯಿ ಬಿಡೋ ಕಳ್ಳ!”

“ಕಣ್ಣಿದ್ರೆ ಹುಡುಕ್ಕೊ ಮಾರಾಯ,” ಎಂದು ಬೆಳ್ಳಿಯಪ್ಪ ಹಲ್ಲು ಕಿರಿದ.

ಉತ್ತಯ್ಯ ಫೋಟೊ ಕಿತ್ತು ತಂದು ಪೇಟೆಯ ಸ್ಟುಡಿಯೊದ ಮೇಜಿಗೆ ಕುಕ್ಕಿದ. “ಹಿಂದಿನ ಮರ, ಬಂಡೆ ದೊಡ್ಡದು ಮಾಡ್ಕೊಡಿ. ಈ ಜಾಗ ಹುಡುಕಿ ಅವನ ಸೊಕ್ಕು ಮುರೀದಿದ್ರೆ ಕೇಳಿ!”

ಸ್ಟುಡಿಯೊದವನು ಎದ್ದು ಗೋಡೆಯ ಚಿತ್ರದ ಪರದೆ ಇಳಿಬಿಟ್ಟ. ಬಾಗಿದ ಮರ, ಜೋಡಿ ಬಂಡೆ.

“ನಿಂತ್ಕೊಳ್ಳಿ ಸಾರ್. ಮೀನೂ ನಾವೇ ಕೊಡ್ತೀವಿ.”