ತಕರಾರು

ಗಂಡ ಹೆಂಡತಿ ಇಬ್ಬರೂ ಒಂದೇ ವಿಭಾಗದಲ್ಲಿ ರಾಜಕೀಯ ಸಿದ್ಧಾಂತ ಕಲಿಸಿದವರು. ಆತ ಉದಾರವಾದಿ, ಆಕೆ ಸ್ತ್ರೀವಾದಿ. ಪ್ರಭುತ್ವದ ಬಗ್ಗೆ ವಾದಿಸುತ್ತಾ ಸಾರು ಸೀದರೆ, ಪಾತ್ರೆ ಉಜ್ಜುವವರು ಯಾರೆಂಬ ಇನ್ನೊಂದು ವಾದ ಶುರುವಾಗುತ್ತಿತ್ತು. ಆಕೆಯ ತಕರಾರು ಕೇಳದೆ ಆತನ ಒಂದು ಲೇಖನವೂ ಅಚ್ಚಿಗೆ ಹೋದದ್ದಿಲ್ಲ.

ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ್ದ ಆಕೆ ಇವತ್ತು ಮನೆಗೆ ಬಂದಿದ್ದರು. ಗಂಜಿ ಕುಡಿದರು. ಮಗಳನ್ನು ಹೆಸರು ಹಿಡಿದು "ಸುಮೇಧಾ" ಎಂದು ಕರೆದರು.

"ಅಮ್ಮ ಮೊದಲಿನ ಹಾಗೇ ಆಗಿದ್ದಾಳೆ ಅಲ್ವಾ ಅಪ್ಪ?" ಮಗಳು ಹಿಗ್ಗಿದಳು.

"ತಡಿ, ನೋಡೋಣ." ಆತ ಹೊಸ ಲೇಖನ ತಂದು ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದಿದರು. "ರಾಜಕೀಯವೆಲ್ಲ ಹೊಸ್ತಿಲಿನ ಆಚೆ. ಅಡುಗೆಮನೆಯಲ್ಲಿ ಯಾರು ದುಡಿಯುತ್ತಾರೆ ಎಂಬುದು ಸಂಸಾರದ ಮಾತು, ನ್ಯಾಯದ ಪ್ರಶ್ನೆಯಲ್ಲ."

ಮಗಳಿಗೆ ಸಿಟ್ಟು ಬಂತು. "ಇಂಥಾ ಹೊತ್ತಲ್ಲೂ ಕೆಣಕಬೇಕಾ? ಜೀವಮಾನವಿಡೀ ಅಮ್ಮ ಬರೆದದ್ದೇ ಇದರ ವಿರುದ್ಧ!"

"ಗೊತ್ತು ಕಣೇ," ಆತ ದನಿ ತಗ್ಗಿಸಿದರು. "ಈ ಮಾತು ಲೇಖನದಲ್ಲಿಲ್ಲ. ನಾನೇ ಬೇಕಂತ ಸೇರಿಸಿ ಓದ್ದೆ."

ಆಮೇಲೆ ಹೆಂಡತಿಯ ಕಡೆ ಬಾಗಿದರು. "ಏನಂತೀಯಾ? ನಿಧಾನವಾಗಿ ಹೇಳು. ಬೈದರೂ ಪರವಾಗಿಲ್ಲ."

ಆಕೆ ಅವರ ಮುಖವನ್ನೇ ನೋಡಿದರು. ತುಟಿ ಅಲುಗಿತು. ಆತ ಇನ್ನಷ್ಟು ಬಾಗಿ ಕಿವಿಗೊಟ್ಟರು.

ಆಕೆ ನಕ್ಕು, ಅವರ ಕೈ ಸವರಿದರು.

"ನೀವು ಹೇಳಿದ ಮೇಲೆ ಇನ್ನೇನಿದೆ ರೀ? ಎಲ್ಲ ಸರಿಯಾಗೇ ಇದೆ."