ಕಣಿವೆಯೊಳಗಿನ ಕೊಂಬು

ನನ್ನ ನೆನಪು ಹಳಸಿದೆ ಅನ್ನೋರೆಲ್ಲ ಬಾಯಿ ಮುಚ್ಕೊಂಡು ಕೇಳ್ರೋ. ಆಗ ಘಟ್ಟದ ಕಣಿವೆಯಲ್ಲಿ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬರುತ್ತಿದ್ದರು. ಎಂಥಾ ಇಕ್ಕಟ್ಟು ಅಂದರೆ, ಒಳಗೆ ಎತ್ತು ಎದುರಾದರೆ ಮನುಷ್ಯ ಬಂಡೆಗೆ ಅಪ್ಪಚ್ಚಿ. ಅದಕ್ಕೇ ಮೊದಲು ಕೊಂಬು ಊದಬೇಕು. ಒಳಗಿನಿಂದ ಯಾರಾದರೂ ತಿರುಗಿ ಊದಿದರೆ, ಅವರು ಹೊರಬರುವ ತನಕ ಕಾಯಬೇಕು.

ನಮ್ಮಣ್ಣನಿಗೆ ಹಾವು ಕಚ್ಚಿತ್ತು. ಮದ್ದು ಕೊಡುವ ಪಂಡಿತನ ಮನೆ ಕಣಿವೆಯಾಚೆ. ಅಣ್ಣನನ್ನು ಹೊತ್ತು ಕಣಿವೆಯ ಬಾಯಿಗೆ ಬಂದು ಊದಿದೆವು, ಒಳಗಿನಿಂದ ಕೊಂಬು ಕೇಳಿಸಿತು. ಕಾದು ಮತ್ತೆ ಊದಿದೆವು, ಮತ್ತೆ ಕೇಳಿಸಿತು. ಅಣ್ಣ ನನ್ನ ತೊಡೆಯ ಮೇಲೇ ಪ್ರಾಣ ಬಿಟ್ಟ.

ಆಮೇಲೆ ತೇಗುತ್ತಾ ಒಬ್ಬನೇ ಹೊರಬಂದವನು ಆ ಪಂಡಿತನೇ.

"ಎತ್ತು ಎಲ್ಲದಾವ್ರೀ?"

"ಎತ್ತು ಎಲ್ಲಿಂದ ಬರಬೇಕೋ? ಉಂಡು ತಂಪಿನ್ಯಾಗ ಅಡ್ಡಾಗಿದ್ದೆ. ಯಾರೂ ಬಂದು ನಿದ್ದಿ ಕೆಡಿಸಬಾರದಂತ ಊದಿದೆ."

ಥೂ! ಇದನ್ನ ಎಲ್ಲರಿಗೂ ಕಳಿಸ್ರೋ.