ನೀಲಿ ಉಗುರು

ಆ ಊರಿನಲ್ಲಿ ಯಾರು ಯಾವ ಔಷಧಿ ತೆಗೆದುಕೊಳ್ಳುತ್ತಾರೆಂದು ಉಗುರೇ ಹೇಳುತ್ತಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಗೆ ಹಳದಿ, ಇಲ್ಲದ ದನಿಗಳನ್ನು ಅಡಗಿಸುವ ಮಾತ್ರೆಗೆ ನೀಲಿ. ತಂಗಿಯ ನಿಶ್ಚಿತಾರ್ಥ ಹತ್ತಿರವಾದಾಗ ನೀಲಿ ಉಗುರಿನ ಜಾಹ್ನವಿ ಗುಟ್ಟಾಗಿ ಮಾತ್ರೆ ಬಿಟ್ಟಳು. ಉಗುರು ಬೆಳ್ಳಗಾಯಿತು, ದನಿಗಳೂ ಮರಳಿದವು. ನಿಶ್ಚಿತಾರ್ಥದ ದಿನ ತಾಂಬೂಲ ಕೊಡುತ್ತಿದ್ದವಳು, "ನನ್ನನ್ಯಾಕೆ ಬೈತೀರಾ?" ಎಂದು ಸುಮ್ಮನೆ ಕೂತಿದ್ದ ಬೀಗರ ಮೇಲೆ ಕಿರುಚಿದಳು.

ಮರುದಿನ ಡಾಕ್ಟರ ಎದುರು ಅವಳು ತಲೆಯೆತ್ತಲಿಲ್ಲ.

"ತೂಕಡಿಕೆ, ಕೈನಡುಕ ಜಾಸ್ತಿಯಾದ್ರೆ ಹೇಳಿ, ಡೋಸ್ ಬದಲಾಯಿಸೋಣ. ನೀವಾಗಿ ನಿಲ್ಲಿಸ್ಬೇಡಿ."

"ಅದೆಲ್ಲ ತಡ್ಕೋತೀನಿ ಡಾಕ್ಟ್ರೇ. ಬಣ್ಣಕ್ಕೆ ನಾಚಿಕೆ."

ಮತ್ತೆ ಮಾತ್ರೆ ಶುರುವಾಯಿತು, ಉಗುರೂ ನೀಲಿಗೆ ತಿರುಗಿತು. ಹೇಗೋ ಸಂಬಂಧ ಮುರಿಯಲಿಲ್ಲ. ಅರಿಶಿನದ ಶಾಸ್ತ್ರದ ದಿನ ಜಾಹ್ನವಿ ಕೋಣೆಯಿಂದ ಹೊರಬರಲಿಲ್ಲ. ತಂಗಿಯೇ ಬೀಗರನ್ನೆಲ್ಲ ಕರೆದುಕೊಂಡು ಒಳಬಂದು, "ಮೊದ್ಲು ನೀನೇ ಹಚ್ಬೇಕು," ಎಂದು ಕೆನ್ನೆ ಒಡ್ಡಿದಳು. ಜಾಹ್ನವಿ ನಾಚಿಕೆಯಿಂದ ಕುಗ್ಗುತ್ತಲೇ ಸೆರಗಿನೊಳಗಿಂದ ಕೈ ಹೊರತೆಗೆದಳು.